ರೋಟವೇಟರ್ ಬ್ಲೇಡು, ಪಿನ್ನು, ಹಾರೆ: ಸವೆಯುವ ಉಕ್ಕಿನ ಮೇಲ್ಮೈ ಗಟ್ಟಿ ಮಾಡುವುದು ಹೇಗೆ?

ಉಳುಮೆ ಶುರುವಾಗುವ ಹೊತ್ತಿಗೆ ಅರಸೀಕೆರೆ, ಕಡೂರು ಕಡೆಯ ಓದುಗರಿಂದ ಪ್ರತಿ ವರ್ಷ ಬರುವ ಪ್ರಶ್ನೆ ಒಂದೇ: ರೋಟವೇಟರ್ ಬ್ಲೇಡಿಗೆ ಯಾವ ವೆಲ್ಡಿಂಗ್ ಕಡ್ಡಿ ಹಾಕಿಸಿದರೆ ಹೆಚ್ಚು ದಿನ ಬಾಳಿಕೆ ಬರುತ್ತದೆ? ಸಕಲೇಶಪುರ, ಮೂಡಿಗೆರೆ ಕಡೆಯವರು ಕೇಳುವುದು ಬೇರೆ: ಗಟ್ಟಿ ಕಡ್ಡಿಯನ್ನೇ ಹಾಕಿಸಿದೆವು, ಆದರೂ ಚಕ್ಕೆ ಎದ್ದು ಹೋಗುತ್ತಿದೆ, ಏಕೆ? ಕಡ್ಡಿಯ ಹೆಸರೊಂದನ್ನು ಹೇಳಿ ಇಬ್ಬರನ್ನೂ ಕಳುಹಿಸಿಕೊಡಬಹುದು. ಆದರೆ ಕೆಟ್ಟ ಕೆಲಸಗಳಲ್ಲಿ ಹೆಚ್ಚಿನವು ಕಡ್ಡಿಯ ಆಯ್ಕೆಯಿಂದ ಕೆಟ್ಟವಲ್ಲ. ಅಡಿಯಲ್ಲಿರುವ ಉಕ್ಕು ಯಾವುದೆಂದು ನೋಡದೆ ಕೈ ಹಚ್ಚಿದ್ದರಿಂದ ಅಥವಾ ಕಡ್ಡಿ ತೇವ ಹಿಡಿದಿದ್ದರಿಂದ ಕೆಟ್ಟವು. ಹಾಗಾಗಿ ಕಡ್ಡಿಯ ಮಾತು ಸ್ವಲ್ಪ ಕೆಳಗೆ ಬರುತ್ತದೆ, ತಾಳಿಕೊಳ್ಳಿ.

ಇಲ್ಲಿ ಬರೆದಿರುವುದು ವೆಲ್ಡಿಂಗ್ ಬಲ್ಲವರಿಗೆ, ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ಕೆಲಸ ಮಾಡಿಸಿಕೊಳ್ಳುವವರಿಗೆ. ವೆಲ್ಡಿಂಗ್ ಮೊದಲ ಬಾರಿ ಹಿಡಿಯುವವರು ಬ್ಲೇಡಿನ ಮೇಲೆ ಕೈ ಪಳಗಿಸುವುದು ಬೇಡ.

ಮೇಲ್ಮೈ ಮಾತ್ರ ಏಕೆ?

ಉಕ್ಕು ಗಟ್ಟಿಯಾದಷ್ಟೂ ಸವೆಯುವುದು ಕಡಿಮೆ, ಮುರಿಯುವುದು ಹೆಚ್ಚು. ಇಡೀ ಬ್ಲೇಡನ್ನು ಅರದಷ್ಟು ಗಟ್ಟಿ ಮಾಡಿದರೆ ಮೊದಲ ಕಲ್ಲಿಗೇ ಎರಡು ತುಂಡು. ಒಳಗೆ ಪೆಟ್ಟು ತಾಳುವ ಗುಣ ಉಳಿಯಬೇಕು, ಮಣ್ಣು ಉಜ್ಜುವ ಮೇಲ್ಪದರ ಮಾತ್ರ ಗಟ್ಟಿಯಾಗಬೇಕು. ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಮೇಲೆ ಬೇರೆ ಮಿಶ್ರಲೋಹದ ಪದರವನ್ನು ವೆಲ್ಡಿಂಗ್‌ನಿಂದ ಕೂರಿಸುವುದು ಹಾರ್ಡ್‌ಫೇಸಿಂಗ್. ಇರುವ ಉಕ್ಕಿನ ಹೊರಮೈಯನ್ನಷ್ಟೇ ಕೆಂಪಗೆ ಕಾಯಿಸಿ ಥಟ್ಟನೆ ತಣಿಸುವುದು ಫ್ಲೇಮ್ ಅಥವಾ ಇಂಡಕ್ಷನ್ ಹಾರ್ಡನಿಂಗ್. ಹೊರಮೈಗೆ ಇಂಗಾಲವನ್ನೋ ಸಾರಜನಕವನ್ನೋ ಉಣಿಸುವುದು ಮೂರನೆಯದು. ಇಂಗಾಲವಾದರೆ ಕೇಸ್ ಹಾರ್ಡನಿಂಗ್, ಸಾರಜನಕವಾದರೆ ನೈಟ್ರೈಡಿಂಗ್.

ಅಂಗಡಿಯಲ್ಲಿ ಕಿವಿಗೆ ಬೀಳುವ ಇನ್ನೊಂದು ಮಾತು ಎಚ್‌ಆರ್‌ಸಿ. ರಾಕ್‌ವೆಲ್ ಸಿ ಎಂಬ ಗಡಸುತನದ ಅಳತೆ ಅದು. ಹೊಸ ಅರ 60ಕ್ಕೂ ಮೇಲಿರುತ್ತದೆ. ಕಿಟಕಿ ಗ್ರಿಲ್ ಮಾಡುವ ಮೆದು ಉಕ್ಕು, ಅಂದರೆ ಎಂಎಸ್, ಎಷ್ಟು ಮೆದುವೆಂದರೆ ಈ ಅಳತೆಗೋಲಿಗೆ ಸರಿಯಾಗಿ ಸಿಗುವುದೇ ಇಲ್ಲ.

ಬೇಕಾಗುವ ಸಾಮಾನು

ಆಂಗಲ್ ಗ್ರೈಂಡರ್, ಅಯಸ್ಕಾಂತ, ಹೊಸ ಅರ, ತಂತಿ ಬ್ರಷ್ಷು, ಕರೆಂಟು ಹೊಂದಿಸಲು ಬರುವ ವೆಲ್ಡಿಂಗ್ ಯಂತ್ರ, ಗ್ಯಾಸ್ ಕಟಿಂಗ್ ಟಾರ್ಚು, ತೂಕದ ತಕ್ಕಡಿ, ಒಣಗಿದ ಬೂದಿ ಅಥವಾ ಸುಣ್ಣದ ಪುಡಿ ತುಂಬಿದ ತಗಡಿನ ಡಬ್ಬ. ಇವುಗಳ ಜೊತೆಗೆ ಕಡ್ಡಿ ಒಣಗಿಸುವ ಓವನ್. ಪಟ್ಟಿಯಲ್ಲಿ ಎಲ್ಲರೂ ಬಿಟ್ಟುಬಿಡುವ ಸಾಮಾನು ಈ ಓವನ್ನೇ.

1. ಯಾವುದು ಸವೆಸುತ್ತಿದೆ ಎಂದು ಮೊದಲು ನೋಡಿ

ಬಿಚ್ಚಿದ ಬ್ಲೇಡನ್ನು ತೊಳೆದು ಬಿಸಿಲಿಗೆ ಹಿಡಿಯಿರಿ. ಅಂಚು ನುಣುಪಾಗಿ ತೆಳುವಾಗುತ್ತ ಹೋಗಿದ್ದು, ಮೈಮೇಲೆ ಒಂದೇ ದಿಕ್ಕಿನ ಸಣ್ಣ ಗೀರುಗಳಿದ್ದರೆ ಅದು ಮರಳು ಉಜ್ಜಿದ ಸವೆತ. ಅಂಚಿನಲ್ಲಿ ಹಲ್ಲು ಬಿದ್ದಂತೆ ಚೂರು ಹಾರಿದ್ದರೆ, ಮೊನೆ ಮಡಚಿಕೊಂಡಿದ್ದರೆ ಅದು ಕಲ್ಲಿನ ಪೆಟ್ಟು. ಪಿನ್ನಿನಲ್ಲಿ ಒಂದೇ ಮಗ್ಗುಲು ತಗ್ಗಾಗಿ, ಲೋಹ ಎಳೆದುಕೊಂಡು ಹೋದ ಗುರುತಿದ್ದರೆ ಲೋಹಕ್ಕೆ ಲೋಹ ಕಚ್ಚಿದೆ ಎಂದರ್ಥ. ಮೂರಕ್ಕೂ ಮದ್ದು ಬೇರೆ ಬೇರೆ.

ಮರಳಿನ ಸವೆತದಲ್ಲಿ ಒಂದು ಲೆಕ್ಕವನ್ನು ನೆನಪಿಡಬೇಕು. ಕೆಂಪು ಮಣ್ಣಿನಲ್ಲಿ ಸೇರಿರುವ ಬೆಣಚುಕಲ್ಲಿನ ಹರಳಿನ ಗಡಸುತನ ವಿಕರ್ಸ್ ಎಂಬ ಇನ್ನೊಂದು ಅಳತೆಯಲ್ಲಿ ಸುಮಾರು 1000. ಚೆನ್ನಾಗಿ ಹದ ಹಾಕಿದ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಉಕ್ಕು 700-800ರ ಸುತ್ತ ನಿಲ್ಲುತ್ತದೆ. ಎಂದರೆ ಉಕ್ಕಿಗೆ ಎಷ್ಟೇ ಹದ ಹಾಕಿದರೂ ಬೆಣಚು ಅದನ್ನು ಗೀರುತ್ತದೆ. ಅದನ್ನು ಮೀರಿಸುವುದು ಹಾರ್ಡ್‌ಫೇಸಿಂಗ್ ಪದರದಲ್ಲಿ ಹುಟ್ಟುವ ಕ್ರೋಮಿಯಂ ಕಾರ್ಬೈಡ್ ಹರಳು. ಅದರ ಗಡಸುತನ 1500ಕ್ಕೂ ಮೇಲೆ. ಮರಳು ಮಣ್ಣಿನ ಹೊಲದಲ್ಲಿ ಹಾರ್ಡ್‌ಫೇಸಿಂಗ್ ಗೆಲ್ಲುವುದು ಇದೇ ಕಾರಣಕ್ಕೆ.

2. ಉಕ್ಕು ಯಾವುದೆಂದು ಗುರುತಿಸಿ

ದಯವಿಟ್ಟು ಈ ಹಂತವನ್ನು ಹಾರಿಸಬೇಡಿ. ಅಂದಾಜಿನಲ್ಲಿ ಕೆಲಸ ಶುರು ಮಾಡುವ ಅಂಗಡಿಯಿಂದ ಬ್ಲೇಡು ವಾಪಸು ತಂದರೂ ನಷ್ಟವಿಲ್ಲ.

ಮೊದಲು ಅಯಸ್ಕಾಂತ ಹಿಡಿಯಿರಿ. ಸವೆದ ಭಾಗ ದಪ್ಪಗಿದ್ದು, ಉಕ್ಕಿನಷ್ಟೇ ಭಾರವಿದ್ದು, ಅಯಸ್ಕಾಂತಕ್ಕೆ ಅಂಟದಿದ್ದರೆ ಅದು ಮ್ಯಾಂಗನೀಸ್ ಉಕ್ಕು ಇರಬಹುದು. ಜಲ್ಲಿ ಕ್ರಷರ್‌ನ ದವಡೆ ಇದಕ್ಕೆ ಉದಾಹರಣೆ. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಈ ಉಕ್ಕಿನಲ್ಲಿ ಶೇಕಡಾ 11ರಿಂದ 14ರಷ್ಟು ಮ್ಯಾಂಗನೀಸ್ ಇರುತ್ತದೆ. ಪೆಟ್ಟು ಬಿದ್ದಷ್ಟೂ ಇದರ ಮೇಲ್ಮೈ ತಾನಾಗಿಯೇ ಗಟ್ಟಿಯಾಗುತ್ತದೆ. ಉಳಿದ ಉಕ್ಕುಗಳನ್ನು ವೆಲ್ಡಿಂಗ್‌ಗೆ ಮೊದಲು ಕಾಯಿಸುವುದು ಒಳ್ಳೆಯದು, ಇದಕ್ಕೆ ಅದೇ ವಿಷ: 260 ಡಿಗ್ರಿ ದಾಟಿ ಹೆಚ್ಚು ಹೊತ್ತು ಬಿಸಿಯಾಗಿದ್ದರೆ ಪುಡಿಪುಡಿಯಾಗುವ ಗುಣ ಬರುತ್ತದೆ. ವೆಲ್ಡಿಂಗ್‌ನ ಸಣ್ಣ ಸಣ್ಣ ಗೆರೆ ಎಳೆದು, ಆರಲು ಬಿಟ್ಟು, ಮತ್ತೆ ಎಳೆಯಬೇಕು. ಮ್ಯಾಂಗನೀಸ್ ಎಂದು ಖಾತ್ರಿಯಾದರೆ ಕೆಳಗಿನ ಹಂತಗಳಲ್ಲಿ ಕಾಯಿಸುವ, ಬೂದಿಯಲ್ಲಿ ಹೂಳುವ ಮಾತನ್ನೆಲ್ಲ ಬಿಟ್ಟುಬಿಡಿ.

ಅಯಸ್ಕಾಂತಕ್ಕೆ ಅಂಟಿದರೆ ಕಿಡಿ ಪರೀಕ್ಷೆ. ನೆರಳಿನ ಜಾಗದಲ್ಲಿ ಗ್ರೈಂಡರನ್ನು ಹಗುರವಾಗಿ ತಾಗಿಸಿ, ಕಿಡಿಯ ಬಾಲವನ್ನು ನೋಡಿ. ಉದ್ದನೆಯ ಹುಲ್ಲುಬಣ್ಣದ ಗೆರೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು: ಮೆದು ಉಕ್ಕು. ಗೆರೆಯ ಉದ್ದಕ್ಕೂ ಕವಲೊಡೆದು ಚಿಮ್ಮುತ್ತಿದ್ದರೆ ಶೇಕಡಾ 0.4ರ ಆಸುಪಾಸು ಇಂಗಾಲವಿರುವ ಮಧ್ಯಮ ಉಕ್ಕು; ಅಂಗಡಿಯವರು ಇಎನ್8 ಎನ್ನುವುದು ಇದನ್ನೇ. ಗೆರೆ ಚಿಕ್ಕದಾಗಿ, ಕಲ್ಲಿನ ಹತ್ತಿರವೇ ದಟ್ಟವಾಗಿ ಸಿಡಿದರೆ ಹೆಚ್ಚು ಇಂಗಾಲದ ಉಕ್ಕು. ಮಂಕಾದ ಕೆಂಪು ಕಿಡಿ ಗೇಣುದ್ದವೂ ಹೋಗದೆ ಆರಿದರೆ ಬೀಡು ಕಬ್ಬಿಣ. ಬೀಡಿನ ಮೇಲೆ ಗಟ್ಟಿ ಕಡ್ಡಿ ಹಾಕಿಸುವ ಆಸೆಯನ್ನು ಅಲ್ಲಿಗೇ ಬಿಡಿ. ನಿಮ್ಮ ಮನೆಯಲ್ಲಿ ಒಂದು ಕಿಟಕಿ ಸರಳು, ಒಂದು ಲಾರಿ ಕಮಾನು ಪಟ್ಟಿಯ ತುಂಡು, ಒಂದು ಹಳೆಯ ಅರ ಇದ್ದರೆ ಅವುಗಳ ಕಿಡಿಯನ್ನು ಪಕ್ಕದಲ್ಲೇ ಹೋಲಿಸಿ ನೋಡಬಹುದು. ಪುಸ್ತಕದ ಚಿತ್ರಕ್ಕಿಂತ ಅದು ಮೇಲು.

ರೋಟವೇಟರ್ ಬ್ಲೇಡುಗಳು ಸಾಮಾನ್ಯವಾಗಿ ಬೋರಾನ್ ಉಕ್ಕು ಅಥವಾ ಸ್ಪ್ರಿಂಗ್ ಉಕ್ಕು. ಕಾರ್ಖಾನೆಯಿಂದ ಹದ ಹಾಕಿಯೇ ಬಂದಿರುತ್ತವೆ. ವೆಲ್ಡಿಂಗ್ ತಾಗಿದ ಕಡೆಯೆಲ್ಲ ಆ ಹದ ಕೆಡುತ್ತದೆ ಎಂಬುದನ್ನು ಗಮನದಲ್ಲಿಡಿ.

3. ಯಾವುದಕ್ಕೆ ಯಾವ ವಿಧಾನ

ಮಣ್ಣಿಗೆ ಇಳಿಯುವ ಬ್ಲೇಡು, ಕಲ್ಟಿವೇಟರ್ ಮೊನೆ, ಬಕೆಟ್ ಹಲ್ಲು: ಹಾರ್ಡ್‌ಫೇಸಿಂಗ್. ಟ್ರೇಲರ್ ಪಿನ್ನು, ಬುಷ್ಷು, ಶಾಫ್ಟು: ಕಾಯಿಸಿ ತಣಿಸುವುದು ಅಥವಾ ಕೇಸ್ ಹಾರ್ಡನಿಂಗ್. ಹಾರೆ, ಪಿಕಾಸಿ, ಗುದ್ದಲಿ: ಊರಿನ ಕುಲುಮೆಯೇ ಸಾಕು. ಹದ ಬಲ್ಲ ಕಮ್ಮಾರರು ಸಿಗುತ್ತಿರುವಷ್ಟು ಕಾಲ ಅವರ ಹತ್ತಿರವೇ ತಟ್ಟಿಸಿ, ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ.

ಕೈ ಹಚ್ಚಲೇಬಾರದವು ಕೆಲವಿವೆ. ಕಳೆ ಕೊಚ್ಚುವ ಬ್ರಷ್ ಕಟರ್‌ನ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದರ ಮೇಲಿನ ವೆಲ್ಡಿಂಗ್ ಚಕ್ಕೆ ಎದ್ದರೆ ತೋಟದಲ್ಲಿ ಕೆಲಸ ಮಾಡುವವರ ಕಾಲಿಗೋ ಕಣ್ಣಿಗೋ ಹೋಗುತ್ತದೆ. ಆ ಬ್ಲೇಡು ಸವೆದರೆ ಹೊಸದು ತನ್ನಿ. ಕಾಫಿ ಪಲ್ಪರ್‌ನ ತಾಮ್ರದ ತಗಡಿಗೂ ಇಲ್ಲಿನ ಯಾವ ವಿಧಾನವೂ ಹೊಂದುವುದಿಲ್ಲ. ಹೈಡ್ರಾಲಿಕ್ ಸಿಲಿಂಡರ್‌ನ ಹೊಳೆಯುವ ರಾಡಿಗೆ ಕ್ರೋಮ್ ಲೇಪನವಿರುತ್ತದೆ, ಅದರ ಮೇಲೆ ಕಿಡಿಯೂ ಬೀಳದಂತೆ ನೋಡಿಕೊಳ್ಳಿ.

4. ಕಡ್ಡಿ ಆರಿಸಿ, ಒಣಗಿಸಿ

ಈಗ ಕಡ್ಡಿಯ ಮಾತು. ಹೊಲದಲ್ಲಿ ಕಲ್ಲು ಕಡಿಮೆ, ಮರಳು ಜಾಸ್ತಿ ಇದ್ದರೆ ಹೆಚ್ಚು ಕ್ರೋಮಿಯಂ ಕಾರ್ಬೈಡಿನ ಕಡ್ಡಿ. ಉಳುವಾಗ ಕಲ್ಲು ಟಣ್ ಟಣ್ ಎನ್ನುವ ಹೊಲವಾದರೆ ಸ್ವಲ್ಪ ಮೆದುವಾದ, 50-55 ಎಚ್‌ಆರ್‌ಸಿ ಕೊಡುವ ಕಡ್ಡಿ. ಸವೆತ ಬೇಗ ಬಂದರೂ ಪದರ ಕೀಳುವುದಿಲ್ಲ. ಶುಂಠಿ, ಆಲೂಗೆಡ್ಡೆ ಬೆಳೆಯಲು ಊರೂರು ಹೊಲ ಗುತ್ತಿಗೆ ಹಿಡಿಯುವವರು, ಬಾಡಿಗೆಗೆ ರೋಟವೇಟರ್ ಓಡಿಸುವವರು ಎರಡನೆಯದನ್ನೇ ಆರಿಸಲಿ. ನಾಳೆಯ ಹೊಲದಲ್ಲಿ ಎಂಥ ಕಲ್ಲಿದೆಯೋ ಯಾರಿಗೆ ಗೊತ್ತು. ಅಂಗಡಿಯವರು «ಎಲ್ಲಕ್ಕಿಂತ ಗಟ್ಟಿಯದು ಕೊಡುತ್ತೇನೆ» ಎಂದರೆ ಹಿಗ್ಗಬೇಡಿ.

ಇನ್ನು ತೇವ. ಕಡ್ಡಿಯ ಮೇಲಿನ ಲೇಪನ ಗಾಳಿಯ ತೇವವನ್ನು ಹೀರುತ್ತದೆ. ಬೆಂಕಿಯ ಶಾಖಕ್ಕೆ ಆ ನೀರು ಒಡೆದು ಜಲಜನಕವಾಗುತ್ತದೆ, ಜಲಜನಕ ಕರಗಿದ ಉಕ್ಕಿನೊಳಗೆ ನುಸುಳುತ್ತದೆ, ಉಕ್ಕು ಆರಿದ ಮೇಲೆ ಒಳಗಿನಿಂದಲೇ ಬಿರುಕು ಬಿಡಿಸುತ್ತದೆ. ಈ ಬಿರುಕು ವೆಲ್ಡಿಂಗ್ ಆದ ಕೂಡಲೇ ಕಾಣಬೇಕೆಂದಿಲ್ಲ. ಗಂಟೆಗಳ ನಂತರ, ಮರುದಿನವೂ ಬರಬಹುದು. ಅಂಗಡಿಯಲ್ಲಿ ಚೆನ್ನಾಗಿದ್ದ ಪದರ ಹೊಲದಲ್ಲಿ ಚಕ್ಕೆ ಏಳುವುದು ಹೀಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಗಾಳಿಯಲ್ಲಿ ಬಟ್ಟೆಯೇ ಒಣಗದು, ಬಿಚ್ಚಿಟ್ಟ ಪ್ಯಾಕೆಟ್ಟಿನ ಕಡ್ಡಿ ಒಣಗಿರುವುದೆಲ್ಲಿಂದ ಬಂತು? ಮಲೆನಾಡಿನವರ ಪ್ರಶ್ನೆಗೆ ಮುಕ್ಕಾಲು ಉತ್ತರ ಇಲ್ಲೇ ಇದೆ.

ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಒಣಗಿಸಬೇಕೆಂದು ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ಅಡಿಪದರಕ್ಕೆ ಬಳಸುವ 7018 ಮಾದರಿಯ ಕಡ್ಡಿಗೆ ಸಾಮಾನ್ಯವಾಗಿ 300-350 ಡಿಗ್ರಿಯಲ್ಲಿ ಒಂದರಿಂದ ಎರಡು ಗಂಟೆ ಬೇಕು. ಬಲ್ಬು ಉರಿಸಿದ ಪೆಟ್ಟಿಗೆ ಒಣಗಿದ ಕಡ್ಡಿಯನ್ನು ಹಾಗೆಯೇ ಕಾಪಾಡುತ್ತದೆಯೇ ಹೊರತು ತೇವ ಹಿಡಿದದ್ದನ್ನು ಒಣಗಿಸುವುದಿಲ್ಲ. ಬಿಸಿಲಿಗೆ ಹರಡುವುದೂ ಕೆಲಸಕ್ಕೆ ಬಾರದು. ಹಾಗೆಂದು ಗೇಟು, ಗ್ರಿಲ್ಲಿಗೆ ಬಳಸುವ 6013 ಕಡ್ಡಿಯನ್ನು ಇಷ್ಟು ಬಿಸಿಗೆ ಹಾಕಬೇಡಿ, ಅದರ ಲೇಪನಕ್ಕೆ ಒಂದಿಷ್ಟು ತೇವ ಬೇಕು.

5. ಬ್ಲೇಡನ್ನು ಸಿದ್ಧಪಡಿಸಿ

ಬ್ಲೇಡು ಅರ್ಧ ಸವೆದ ಮೇಲೆ ತುಂಬಿಸುವ ಬದಲು ಹೊಸದಾಗಿದ್ದಾಗಲೇ ಪದರ ಹಾಕಿಸುವುದು ಲಾಭ. ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿರುವ ಬ್ಲೇಡನ್ನು ಗುಜರಿಗೆ ಕೊಡಿ. ಅದಕ್ಕೆ ಸುರಿಯುವ ಕಡ್ಡಿಯ ದುಡ್ಡು ಹುಟ್ಟುವುದಿಲ್ಲ.

ಬ್ಲೇಡುಗಳನ್ನು ಬಿಚ್ಚಿಯೇ ಕೆಲಸ ಮಾಡಿ. ರೋಟವೇಟರ್‌ನಲ್ಲಿ ಇದ್ದಂತೆಯೇ ವೆಲ್ಡಿಂಗ್ ಹಿಡಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದರ ಗುಂಡುಗಳಲ್ಲಿ ಗುಳಿ ಮಾಡುತ್ತದೆ. ಬೇರಿಂಗ್ ಗೊರಗೊರ ಎನ್ನತೊಡಗಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಬಿಚ್ಚಲು ಸಾಧ್ಯವೇ ಇಲ್ಲದ ಬಕೆಟ್ಟಿನಂಥ ಭಾಗವಾದರೆ ಅರ್ಥ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಕಚ್ಚಿಸಿ, ಗಾಡಿಯ ಬ್ಯಾಟರಿ ಸಂಪರ್ಕ ತೆಗೆಯಿರಿ.

ತುಕ್ಕು, ಬಣ್ಣ, ಗ್ರೀಸು, ಮಣ್ಣು ಪೂರ್ತಿ ಹೋಗಿ ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿ. ಹಳೆಯ ಹಾರ್ಡ್‌ಫೇಸಿಂಗ್ ಅಲ್ಲಲ್ಲಿ ಎದ್ದಿದ್ದರೆ ಎಲ್ಲವನ್ನೂ ಉಜ್ಜಿ ತೆಗೆಯಿರಿ, ಸಡಿಲ ಪದರದ ಮೇಲೆ ಹೊಸದು ನಿಲ್ಲುವುದಿಲ್ಲ. ಸತುವಿನ ಲೇಪನವಿದ್ದರೆ ಅದನ್ನೂ ತೆಗೆಯಲೇಬೇಕು, ಅದರ ಹೊಗೆಗೆ ಜ್ವರ ಬರುತ್ತದೆ. ನಂತರ ಪ್ರತಿ ಬ್ಲೇಡನ್ನೂ ತೂಗಿ, ತೂಕವನ್ನು ಸೀಮೆಸುಣ್ಣದಲ್ಲಿ ಅದರ ಮೇಲೆಯೇ ಬರೆಯಿರಿ. ಇದರ ಅಗತ್ಯ ಕೊನೆಯಲ್ಲಿ ಬರುತ್ತದೆ.

ಆಮೇಲೆ ಟಾರ್ಚಿನಿಂದ 200 ಡಿಗ್ರಿಯ ಸುತ್ತಮುತ್ತ ಕಾಯಿಸಿ. ಅಳೆಯುವ ಸಾಧನವಿಲ್ಲದಿದ್ದರೆ ಹಿಂಬದಿಗೆ ಒಂದು ಹನಿ ನೀರು ಬಿಡಿ. ಚುಂಯ್ ಎಂದು ಅಲ್ಲೇ ಕುದಿದು ಆರಿದರೆ ಇನ್ನೂ ಸಾಲದು; ಹನಿ ಮುತ್ತಿನಂತೆ ಗುಂಡಗಾಗಿ ಮೈಮೇಲೆ ಉರುಳಾಡಿದರೆ ಬಂತು. ವೆಲ್ಡಿಂಗ್ ಮಾಡುವ ಬದಿಗೆ ನೀರು ತಾಗಿಸಬೇಡಿ.

6. ಗೆರೆ ಎಳೆಯಿರಿ

ಬ್ಲೇಡಿನ ಒಂದೇ ಮುಖಕ್ಕೆ ಪದರ ಹಾಕಿ. ಇನ್ನೊಂದು ಮುಖದ ಮೆದು ಲೋಹ ಬೇಗ ಸವೆದು, ಗಟ್ಟಿ ಪದರ ಮುಂದೆ ಚಾಚಿಕೊಂಡು, ಅಂಚು ಉಳುತ್ತಲೇ ತಾನಾಗಿ ಹರಿತವಾಗುತ್ತದೆ. ಎರಡೂ ಕಡೆ ಹಾಕಿಸಿದವರ ಬ್ಲೇಡು ಮೊಂಡಾಗಿ, ಟ್ರ್ಯಾಕ್ಟರ್ ಡೀಸೆಲ್ ಕುಡಿಯತೊಡಗುತ್ತದೆ.

ಕರೆಂಟು ಆದಷ್ಟು ಕಡಿಮೆ ಇರಲಿ. 3.15 ಮಿ.ಮೀ. ಕಡ್ಡಿಗೆ 90ರಿಂದ 130 ಆಂಪಿಯರ್ ವ್ಯಾಪ್ತಿಯಲ್ಲಿ ಕೆಳಗಿನ ತುದಿಯಿಂದ ಶುರು ಮಾಡಿ. ಕರೆಂಟು ಹೆಚ್ಚಿದರೆ ಅಡಿಯ ಉಕ್ಕು ಜಾಸ್ತಿ ಕರಗಿ ಗಟ್ಟಿ ಲೋಹದ ಜೊತೆ ಬೆರೆಯುತ್ತದೆ, ದುಬಾರಿ ಕಡ್ಡಿಯ ಗುಣ ನೀರಾಗುತ್ತದೆ. ಮೊದಲ ಪದರದಲ್ಲಿ ಕಾಲು ಭಾಗಕ್ಕೂ ಹೆಚ್ಚು ಅಡಿಯ ಉಕ್ಕೇ ಇರುವುದುಂಟು. ಆದ್ದರಿಂದ ಪ್ರತಿ ಹೊಸ ಗೆರೆಯೂ ಹಿಂದಿನ ಗೆರೆಯ ಅರ್ಧದ ಮೇಲೆ ಕೂರಲಿ, ಬೆಂಕಿ ಹಿಂದಿನ ಗೆರೆಯ ಮೇಲೇ ಇರಲಿ. ಹಳ್ಳಿಯ ಲೈನಿನಲ್ಲಿ ಪಂಪುಸೆಟ್ಟುಗಳು ಓಡುತ್ತಿರುವ ಹೊತ್ತಿಗೆ ವೋಲ್ಟೇಜು ಕುಸಿದು ಕಡ್ಡಿ ಅಂಟತೊಡಗುತ್ತದೆ. ಆಗ ಕರೆಂಟು ಏರಿಸಿ ಹೊಂದಿಸುತ್ತಾರೆ, ವೋಲ್ಟೇಜು ಮರಳಿದಾಗ ಬ್ಲೇಡು ತೂತಾಗುತ್ತದೆ. ವೋಲ್ಟೇಜು ಏರಿಳಿಯದ ಹೊತ್ತು ನೋಡಿ ಕೆಲಸ ಹಿಡಿಯಿರಿ.

ಗೆರೆ ಅಂಚಿನ ಉದ್ದಕ್ಕೂ ಸಾಗಲಿ. ಬೋಲ್ಟು ತೂತಿನ ಸುತ್ತ ಕಡ್ಡಿ ತಾಗಿಸಲೇಬೇಡಿ. ಬ್ಲೇಡು ಬಾಗಿದ ಜಾಗದಲ್ಲಿ ಅಡ್ಡಗೆರೆ ಎಳೆಯಬೇಡಿ; ಹೊಡೆತವೆಲ್ಲ ಬೀಳುವ ಜಾಗದಲ್ಲಿ ಅಡ್ಡಗೆರೆ ಇದ್ದರೆ ಮುರಿಯಲು ದಾರಿ ತೋರಿಸಿದಂತೆ. ಒಂದೊಂದು ಗೆರೆಯ ನಂತರವೂ ಮೇಲೆ ಕಟ್ಟಿದ ಕಿಟ್ಟವನ್ನು ಬಡಿದು ಬ್ರಷ್ಷಿನಿಂದ ಉಜ್ಜಿ. ತೆಳು ಬ್ಲೇಡಿಗೆ ಒಂದು ಪದರ, ದಪ್ಪ ಮೊನೆಗೆ ಎರಡು, ಅಷ್ಟೇ. ಕಾರ್ಬೈಡಿನ ಮೂರನೇ ಪದರ ಚಕ್ಕೆ ಏಳಲಿಕ್ಕೇ ಹುಟ್ಟಿದ್ದು. ಹೆಚ್ಚು ಎತ್ತರ ತುಂಬಬೇಕಿದ್ದರೆ ಮೊದಲು 7018 ಕಡ್ಡಿಯಲ್ಲಿ ತುಂಬಿ, ಮೇಲಿನ ಒಂದೆರಡು ಪದರ ಮಾತ್ರ ಗಟ್ಟಿ ಕಡ್ಡಿಯದಿರಲಿ.

ಕಾರ್ಬೈಡ್ ಪದರ ಆರುವಾಗ ಟಿಕ್ ಟಿಕ್ ಎಂದು ಸದ್ದಾಗಿ ಗೆರೆಗೆ ಅಡ್ಡಲಾಗಿ ಕೂದಲೆಳೆಯ ಬಿರುಕುಗಳು ಬೀಳುತ್ತವೆ. ಗಾಬರಿಯಾಗಬೇಡಿ, ಒಳಗಿನ ಬಿಗಿತ ಸಡಿಲಾಗುವ ರೀತಿ ಅದು. ಆದರೆ ಬಿರುಕು ಗೆರೆಯ ಉದ್ದಕ್ಕೆ, ಪದರ ಮತ್ತು ಬ್ಲೇಡು ಸೇರುವ ಕಡೆ ಕಂಡರೆ ಅದು ಬೇರೆ ಕಥೆ: ಪದರ ಬಿಡುತ್ತಿದೆ. ಉಜ್ಜಿ ತೆಗೆದು ನಾಲ್ಕನೇ ಹಂತಕ್ಕೆ ಹಿಂತಿರುಗಿ.

ಹೊಗೆಯ ಬಗ್ಗೆ ಎಚ್ಚರ. ಕ್ರೋಮಿಯಂ ಹೆಚ್ಚಿರುವ ಕಡ್ಡಿಯ ಹೊಗೆಯಲ್ಲಿ ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಮಳೆಯೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಬೇಡಿ. ಗಾಳಿ ಬೆನ್ನ ಹಿಂದಿನಿಂದ ಬಂದು ಹೊಗೆಯನ್ನು ಆಚೆ ಒಯ್ಯುವಂತೆ ನಿಲ್ಲಿ, ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿ. ಮುಖಕ್ಕೆ ಕಟ್ಟಿದ ಟವೆಲ್ಲು ಏನನ್ನೂ ತಡೆಯುವುದಿಲ್ಲ.

7. ನಿಧಾನವಾಗಿ ಆರಲಿ

ಬಕೆಟ್ ನೀರಿಗೆ ಅದ್ದುವ ಅಭ್ಯಾಸ ಬಿಡಿ. ಕಮ್ಮಾರರು ನೀರಿಗೆ ಅದ್ದುತ್ತಾರೆ, ನಿಜ; ಅವರು ಹದ ಹಾಕುತ್ತಿದ್ದಾರೆ, ನೀವು ಪದರ ಕೂರಿಸುತ್ತಿದ್ದೀರಿ. ಬ್ಲೇಡನ್ನು ಬಿಸಿಯಿರುವಾಗಲೇ ಒಣ ಬೂದಿಯಲ್ಲಿ ಹೂತು, ಕೈಯಲ್ಲಿ ಹಿಡಿಯುವಂತಾಗುವವರೆಗೆ ಬಿಡಿ. ಬೂದಿಗೆ ಮಳೆ ಹನಿ ಬಿದ್ದಿದ್ದರೆ ಮೊದಲು ಹುರಿದುಕೊಳ್ಳಿ.

8. ಪಿನ್ನು ಮತ್ತು ಬುಷ್ಷು

ಮೆದು ಉಕ್ಕಿನ ಪಿನ್ನನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ, ಅದರಲ್ಲಿ ಇಂಗಾಲವೇ ಸಾಲದು. ಇಎನ್8 ಸರಳಿನಿಂದ ಲೇತಿನಲ್ಲಿ ಮಾಡಿಸಿದ್ದಾದರೆ ಊರಿನಲ್ಲೇ ಸಾಧ್ಯ. ಪಿನ್ನಿನ ಸವೆಯುವ ಮೈಯನ್ನು ಟಾರ್ಚಿನಿಂದ ಸುತ್ತಲೂ ಒಂದೇ ಸಮ ಕಾಯಿಸಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಕಂಬಿಗೆ ಕಟ್ಟಿದ ಅಯಸ್ಕಾಂತದ ಚೂರಿನಿಂದ ನೋಡುತ್ತಿರಿ. ಅಂಟದಾದ ಮೇಲೆ ಇನ್ನಷ್ಟು ಬಿಸಿಯಾಗಿ, 840-860ರ ಹತ್ತಿರ ಬಂದಾಗ ತಣಿಸಿ. ಬಣ್ಣ ನೋಡಲು ನೆರಳು ಬೇಕು. ಬಿಸಿಲಿನಲ್ಲಿ ಕೆಂಪು ಕಾಣುವ ಹೊತ್ತಿಗೆ ಮಿತಿ ದಾಟಿರುತ್ತದೆ.

ತಣಿಸಲು ಎಣ್ಣೆ ಬಳಸುವುದಾದರೆ ಮುಚ್ಚಳವಿರುವ ತಗಡಿನ ಡಬ್ಬವೇ ಇರಲಿ. ಪ್ಲಾಸ್ಟಿಕ್ ಬಕೆಟ್ ಬೇಡ, ಗಾಡಿಯಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್ ಬೇಡ, ಎಣ್ಣೆಗೆ ಹೊತ್ತಿಕೊಂಡರೆ ನೀರು ಎರಚುವುದಂತೂ ಬೇಡವೇ ಬೇಡ: ಮುಚ್ಚಳ ಹಾಕಿ. ತಣಿದ ಪಿನ್ನು ಹಾಗೆಯೇ ಬಿಟ್ಟರೆ ಗಾಜಿನ ಗುಣ. ಅದೇ ದಿನ ಓವನ್‌ನಲ್ಲಿ 180-200 ಡಿಗ್ರಿಗೆ ಒಂದು ಗಂಟೆ ಇಡಿ. ಇದು ಟೆಂಪರಿಂಗ್, ಗಡಸುತನ ಹೆಚ್ಚು ಕಳೆಯದೆ ಸಿಡುಕನ್ನಷ್ಟೇ ಇಳಿಸುವ ಹಂತ.

ಹೆಚ್ಚು ಹೊರೆ ಹೊರುವ ಪಿನ್ನಿಗೆ ಕೇಸ್ ಹಾರ್ಡನಿಂಗ್ ಒಳ್ಳೆಯದು, ಆದರೆ ಊರಿನಲ್ಲಿ ಪ್ರಯತ್ನಿಸಬೇಡಿ. ಇದ್ದಿಲಿನ ಪೆಟ್ಟಿಗೆಯಲ್ಲಿಟ್ಟು 900 ಡಿಗ್ರಿಗೂ ಮೇಲೆ ಎಂಟು ಗಂಟೆ ಹಿಡಿದರೆ ಇಂಗಾಲ ಇಳಿಯುವುದು ಸುಮಾರು ಒಂದು ಮಿ.ಮೀ. ಯಾವ ಕುಲುಮೆಯೂ ಅಷ್ಟು ಹೊತ್ತು ಒಂದೇ ಸಮ ಶಾಖ ಹಿಡಿಯದು. ಪೆಟ್ಟಿಗೆಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ. ಬೇಗ ಮುಗಿಸಲು ಸೈನೈಡ್ ಉಪ್ಪು ಬಳಸಿ ಎನ್ನುವವರ ಹತ್ತಿರ ಮಾತು ಮುಂದುವರಿಸಬೇಡಿ.

ಬೆಂಗಳೂರಿನ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಅಂಗಡಿಗಳಿವೆ. ಕೊಡುವಾಗ ಬಾಯಲ್ಲಿ «ಗಟ್ಟಿ ಮಾಡಿ» ಎನ್ನದೆ ಚೀಟಿಯಲ್ಲಿ ಬರೆದುಕೊಡಿ: ಉಕ್ಕಿನ ದರ್ಜೆ, ಉದಾಹರಣೆಗೆ 20ಎಂಎನ್‌ಸಿಆರ್5; ಗಟ್ಟಿ ಪದರದ ಆಳ, 0.8ರಿಂದ 1 ಮಿ.ಮೀ.; ಮೇಲ್ಮೈ ಗಡಸುತನ, 58-60 ಎಚ್‌ಆರ್‌ಸಿ; ಮರೆ ಕಟ್ಟಬೇಕಾದ ಜಾಗ. ಮರೆ ಕಟ್ಟುವುದೆಂದರೆ ಇಂಗಾಲ ತಾಗದಂತೆ ಲೇಪ ಹಚ್ಚುವುದು. ಥ್ರೆಡ್ಡಿಗೆ ಇದನ್ನು ಮಾಡಿಸದಿದ್ದರೆ ನಟ್ಟು ಬಿಗಿಯುವಾಗ ಥ್ರೆಡ್ಡು ಉದುರುತ್ತದೆ. ಶಾಖಕ್ಕೆ ಪಿನ್ನು ಕೊಂಚ ಸೊಟ್ಟಗಾಗುವುದರಿಂದ, ಆಮೇಲೆ ಗ್ರೈಂಡಿಂಗ್ ಮಾಡಿಸಲು ಸ್ವಲ್ಪ ಅಳತೆ ಹೆಚ್ಚಿಗೆ ಬಿಟ್ಟಿರಬೇಕು. ನೈಟ್ರೈಡಿಂಗ್‌ನಲ್ಲಿ ಈ ಕಾಟ ಕಡಿಮೆ. ಅದು 500-550 ಡಿಗ್ರಿಯಲ್ಲೇ ಮುಗಿಯುತ್ತದೆ. ಆದರೆ ಪದರ ತೆಳು, ನಮ್ಮ ಟ್ರೇಲರ್ ಪಿನ್ನಿಗೆ ಅದು ಬೇಕಾಗಿಲ್ಲ.

ಪಿನ್ನು ಗಟ್ಟಿ, ಬುಷ್ಷು ಅದಕ್ಕಿಂತ ಮೆದು, ನಡುವೆ ಗ್ರೀಸು. ಎರಡೂ ಒಂದೇ ಮೆದು ಉಕ್ಕಾದರೆ ಒಂದಕ್ಕೊಂದು ಕಚ್ಚುತ್ತವೆ.

9. ಪರೀಕ್ಷಿಸಿ, ಜೋಡಿಸಿ

ಹೊಸ ಅರದ ಅಂಚನ್ನು ಗಟ್ಟಿ ಮಾಡಿದ ಜಾಗದ ಮೇಲೆ ಹಗುರವಾಗಿ ಎಳೆಯಿರಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ 60ರ ಹತ್ತಿರ. ಸ್ವಲ್ಪ ಕಚ್ಚಿ ಗೀರು ಬಿದ್ದರೆ 50ರ ಆಸುಪಾಸು. ಸಲೀಸಾಗಿ ಪುಡಿ ಬಂದರೆ ಕೆಲಸ ಆಗಿಲ್ಲ.

ಬ್ಲೇಡುಗಳನ್ನು ಮತ್ತೆ ತೂಗಿ, ಬರೆದಿಟ್ಟ ತೂಕದೊಂದಿಗೆ ಹೋಲಿಸಿ. ಹೆಚ್ಚು ತೂಗುವುದನ್ನು ಒಂದೇ ಕಡೆ ಸೇರಿಸದೆ, ಸಮ ತೂಕದವನ್ನು ಎದುರುಬದುರು ಬರುವಂತೆ ಕೂರಿಸಿ. ತೂಕ ತಪ್ಪಿದರೆ ರೋಟರ್ ಅದುರುತ್ತದೆ, ಬೇರಿಂಗ್ ಮತ್ತು ಸೀಲು ಹೋಗುತ್ತವೆ. ಹಳೆಯ ಬೋಲ್ಟು ಬೇಡ, ಹೊಸದು ಹಾಕಿ. ಮೊದಲ ಗಂಟೆಯ ಉಳುಮೆಯ ನಂತರ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ಗಟ್ಟಿ ಪದರದಲ್ಲಿ ಕಾಲು ಭಾಗ ಉಳಿದಿರುವಾಗಲೇ ಬ್ಲೇಡು ಬಿಚ್ಚಿ ಮರುಪದರ ಹಾಕಿಸಿ. ಅಡಿಯ ಉಕ್ಕು ಬಯಲಾದ ಮೇಲೆ ಅದು ಕರಗುವ ವೇಗಕ್ಕೆ ಒಂದೇ ಹಂಗಾಮಿನಲ್ಲಿ ಬ್ಲೇಡು ಗುಜರಿ ಸೇರುತ್ತದೆ.